ಮುಗಿಯಬಾರದ ಮನೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಫೋರ್ತುನಾತೊ ವಾಲ್ಪನ ಮನೆ ಕಟ್ಟಿ ಮುಗಿದಿತ್ತು.

ಇದು ಅವನಿಗೆ ಗೊತ್ತಿರಲಿಲ್ಲ. ಮಗಳ ಮದುವೆಗೆ ನೆಂಟರನ್ನು ಕರೆಯಲು ವಾಂಕಾಯೊಗೆ ಹೋಗಿದ್ದ ಅವನು ರಾತ್ರಿ ಬಸ್ಸಿನಲ್ಲಿ ಆಗಷ್ಟೇ ಲಿಮಾಕ್ಕೆ ಬಂದಿಳಿದಿದ್ದ. ಆಟೊ ಹಿಡಿದು ಲೋಮಾ ಸೆಕಾ ಗುಡ್ಡ ಹತ್ತಿ, ಕಂಕುಳಲ್ಲಿ ಅತ್ತೆ ಕೊಟ್ಟ ಚೀಸಿನ ಗಡ್ಡೆ ಇಟ್ಟುಕೊಂಡು ತನ್ನ ಬೀದಿಗೆ ತಿರುಗಿದ. ಮೂಲೆಯದೇ ಅವನ ಮನೆ. ಅದನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟ. ನಾಲ್ಕು ಮನೆ ಆಚೆ ನಿಂತು ಯೋಚಿಸಿ ಹಿಂದಕ್ಕೆ ಬಂದ. ಮಾಳಿಗೆಯ ಮೇಲಿನ ನಾಯಿ ಅವನದೇ. ನಾಯಿಯ ಕೆಳಗಿನ ಮನೆ ಮಾತ್ರ ಯಾರದೋ.

ಇಪ್ಪತ್ತೆರಡು ವರ್ಷದಿಂದ ಬರಿ ಇಟ್ಟಿಗೆ ತೋರಿಸಿಕೊಂಡು ನಿಂತಿದ್ದ ಮುಂಗೋಡೆಗೆ ಯಾರೋ ನುಣ್ಣಗೆ ಗಾರೆ ಮಾಡಿ, ಹಾಲಿನಂಥ ಬಿಳಿ ಬಣ್ಣ ಹೊಡೆದಿದ್ದರು. ಅದರ ಮೇಲೆ ಆಳೆತ್ತರದ ಕಪ್ಪು ಕೊಡೆಯ ಚಿತ್ರ. ಕೊಡೆಯ ಕೆಳಗೆ ಎರಡು ಸಾಲು: ‘ನ್ಯಾಯವಾದ ತೆರಿಗೆ! ನಾಗರಿಕರ ಹಕ್ಕು!’

“ಬೆನಿತಾ!” ಎಂದು ಕೂಗಿದ. ಹೆಂಡತಿ ಬಾಗಿಲು ತೆಗೆದಳು.

“ಏನೇ ಇದು?”

“ಗೋಡೆ.”

“ಗೋಡೆ ಅಂತ ಕಾಣ್ಸುತ್ತೆ. ಇದನ್ನ ಹೀಗೆ ಮಾಡಿದ್ದು ಯಾರು?”

“ನಿನ್ನ ಪಕ್ಷದೋರು. ಆರು ಜನ ಹುಡುಗ್ರು, ಎರಡು ದಿನ ಕೆಲ್ಸ ಮಾಡಿದ್ರು. ವಕೀಲೆ ದೊತೋರಾ ಕಳ್ಸಿರೋ ಉಡುಗೊರೆ ಅಂದ್ರು. ಸಭೇಲಿ ನೀನು ಚಪ್ಪಾಳೆ ತಟ್ಟಿದ್ದಕ್ಕಂತೆ. ಊಟ ಹಾಕಿ ಕಳಿಸ್ದೆ. ಉಳಿದಿರೋ ಮೂರು ಮೂಟೆ ಗಾರೆಪುಡಿ, ಒಂದು ಡಬ್ಬ ಬಣ್ಣ ಅಲ್ಲೇ ಇದೆ ನೋಡು.”

“ನನ್ನನ್ನ ಒಂದ್ಮಾತು ಕೇಳ್ಬಾರ್ದಾ?”

“ಅವರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಚೆನ್ನಾಗಿದೆ ತಾನೇ?”

ಚೆನ್ನಾಗಿತ್ತು. ಅದೇ ತೊಂದರೆ.

ಲೋಮಾ ಸೆಕಾದಲ್ಲಿ ಯಾರೂ ಮನೆಯ ಮುಂಭಾಗಕ್ಕೆ ಗಾರೆ ಮಾಡಿಸುತ್ತಿರಲಿಲ್ಲ. ಮುಂಭಾಗ ಮುಗಿಯದ ಮನೆ ‘ಕಟ್ಟುತ್ತಿರುವ ಮನೆ’. ಅದಕ್ಕೆ ಅರ್ಧ ತೆರಿಗೆ. ಹಾಗಾಗಿ ಒಳಗೆ ಟೈಲ್ಸ್ ಹಾಕಿಸಿ ದೊಡ್ಡ ಟೀವಿ ಇಟ್ಟವರೂ ಹೊರಗಡೆ ಬೆತ್ತಲೆ ಇಟ್ಟಿಗೆ ಬಿಟ್ಟು, ಮಾಳಿಗೆಯ ಮೇಲೆ ಕಬ್ಬಿಣದ ಸರಳುಗಳನ್ನು ಮುಳ್ಳುಹಂದಿಯ ಹಾಗೆ ನಿಲ್ಲಿಸಿ, ನಾಳೆಯೇ ಕೆಲಸ ಶುರು ಎಂಬ ಮುಖ ಹೊತ್ತು ಬದುಕುತ್ತಿದ್ದರು. ಫೋರ್ತುನಾತೊ ಚಪ್ಪಲಿ ಷೂ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ತೆರಿಗೆಯಲ್ಲಿ ಉಳಿದ ಹಣದಿಂದ ಮಾಳಿಗೆಯ ಮೇಲೆ ಮಗಳು ಯೆನಿಗೂ ಬರಲಿರುವ ಅಳಿಯನಿಗೂ ಒಂದು ಕೋಣೆ ಕಟ್ಟಿಸುವುದೆಂದು ಮಾತಾಗಿತ್ತು. ಇಟ್ಟಿಗೆ ಆಗಲೇ ಹಿತ್ತಿಲಿಗೆ ಬಂದು ಬಿದ್ದಿತ್ತು. ಪೂರ್ತಿ ತೆರಿಗೆ ಬಿತ್ತೆಂದರೆ ಕೋಣೆ ಇಲ್ಲ. ಕೋಣೆ ಇಲ್ಲದೆ ಮದುವೆಯಾದರೆ ಅಳಿಯ ಮಲಗುವುದು ಹಳೆ ಷೂಗಳ ನಡುವೆ.

ಪುರಸಭೆಯ ತೆರಿಗೆ ತಪಾಸಣೆಯವನು ಆ ಬೀದಿಗೆ ಬರುವುದು ಅವತ್ತೇ, ಸಂಜೆ ನಾಲ್ಕಕ್ಕೆ.

ಕೊಡೆ ಪಕ್ಷ ಜನವರಿಯಲ್ಲಿ ಪುರಸಭೆಯ ಅಧಿಕಾರಕ್ಕೆ ಬಂದಿತ್ತು. ಮಳೆಯೇ ಬೀಳದ ಊರಿನಲ್ಲಿ ಕೊಡೆ ಯಾಕೆ ಎಂದು ಎದುರಾಳಿಗಳು ನಕ್ಕಿದ್ದರು. ಗೆದ್ದ ಮೇಲೆ ಯಾರೂ ನಗಲಿಲ್ಲ. ಅದರ ನೀತಿ ಎರಡೇ, ನ್ಯಾಯವಾದ ತೆರಿಗೆ ಮತ್ತು ನಾಗರಿಕರ ಹಕ್ಕು. ನ್ಯಾಯವಾದ ತೆರಿಗೆ ಎಂದರೆ ಪಕ್ಕದ ಮನೆಯವನು ಜಾಸ್ತಿ ಕಟ್ಟುವುದು ಎಂದು ಬೀದಿಯ ಪ್ರತಿಯೊಬ್ಬರೂ ತಿಳಿದಿದ್ದರು. ಹಾಗಾಗಿ ಎಲ್ಲರೂ ಓಟು ಹಾಕಿದ್ದರು. ಫೋರ್ತುನಾತೊ ಇನ್ನೂ ಒಂದು ಹೆಜ್ಜೆ ಮುಂದೆ. ಸಭೆಗಳಲ್ಲಿ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ಶುರು ಮಾಡುವವನು ಅವನೇ. ಅಟ್ಟೆ ಹೊಲಿದು ಹೊಲಿದು ಅಂಗೈಯೇ ಅಟ್ಟೆಯಾಗಿತ್ತು. ಒಮ್ಮೆ ತಟ್ಟಿದರೆ ಪಟಾಕಿ. ಪಕ್ಷದ ವಕೀಲೆ ದೊತೋರಾ ಗ್ರಿಮನೆಸಾ ವೇದಿಕೆಯ ಮೇಲೆ ‘ತೆರಿಗೆ’ ಎಂದು ಬಾಯಿ ತೆರೆದರೆ ಸಾಕು, ಇವನು ಶುರು ಮಾಡುತ್ತಿದ್ದ, ಹಿಂದಿನ ಇನ್ನೂರು ಜನ ಸೇರುತ್ತಿದ್ದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ದೊತೋರಾ ನಾಗರಿಕರ ಹಕ್ಕಿಗೆ ಬಂದಿರುತ್ತಿದ್ದಳು.

ಆರೂವರೆಗೆ ಎದುರುಮನೆಯ ದೊನ್ಯ ಸೊಯ್ಲಾ ತನ್ನ ಬಾರ್ಲಿ ಕಷಾಯದ ಗಾಡಿ ತಳ್ಳಿಕೊಂಡು ಹೊರಟವಳು ಗೋಡೆಯ ಮುಂದೆ ನಿಲ್ಲಿಸಿದಳು. ಅವಳ ಮಗನಿಗೆ ದೀಕ್ಷಾಸ್ನಾನದಲ್ಲಿ ಫೋರ್ತುನಾತೊ ಧರ್ಮಪಿತನಾಗಿದ್ದ. ಆ ಸಲುಗೆಯಿಂದ ಇಬ್ಬರೂ ಕೊಂಪಾದ್ರೆ, ಕೊಮಾದ್ರೆ.

“ಏನ್ ಕೊಂಪಾದ್ರೆ, ದುಡ್ಡು ಜಾಸ್ತಿ ಆಯ್ತಾ? ಸಾಹೇಬ್ರ ಮನೆ ಥರ ಮಾಡ್ಕೊಂಡಿದ್ದೀಯ!”

“ನಾನ್ ಮಾಡ್ಲಿಲ್ಲ ಕೊಮಾದ್ರೆ. ನನಗೆ ಮಾಡಿದ್ದಾರೆ.”

“ಅದನ್ನ ಸಂಜೆ ಬರೋನಿಗೆ ಹೇಳು. ನಿಂದೊಂದು ಮುಗೀತು ಅಂದ್ರೆ, ಮಿಕ್ಕವ್ರದ್ದು ಯಾಕೆ ಮುಗೀಲಿಲ್ಲ ಅಂತ ನಮ್ಮನ್ನೂ ಕೇಳ್ತಾನೆ. ನೀನು ಮುಳುಗೋದು ನಿನ್ನಿಷ್ಟ, ಬೀದೀನ ಯಾಕೆ ಮುಳುಗಿಸ್ತೀಯ?”

ಏಳು ಗಂಟೆಗೆ ಪಕ್ಕದ ಮನೆಯ ದೊನ್ ಅತಿಲಿಯೊ ಪೈಜಾಮದಲ್ಲೇ ಬಂದ. ಕೋರ್ಟಿನಲ್ಲಿ ಮೂವತ್ತು ವರ್ಷ ತೀರ್ಪುಗಳನ್ನು ಟೈಪು ಮಾಡಿ ನಿವೃತ್ತನಾದವನು. ಈಗ ತೀರ್ಪುಗಳನ್ನು ತಾನೇ ಕೊಡುತ್ತಿದ್ದ.

“ಗಾಬರಿ ಬೇಡ. ನಮ್ಮ ಪಕ್ಷದ ಎರಡನೇ ನೀತಿ ಏನು? ನಾಗರಿಕನ ಅನುಮತಿ ಇಲ್ದೆ ಯಾವ ಅಧಿಕಾರೀನೂ ಮನೆಯೊಳಗೆ ಕಾಲಿಡೋ ಹಾಗಿಲ್ಲ. ಬಾಗಿಲು ಹಾಕ್ಕೊಂಡು ಕೂತ್ಕೊ. ಕೊಡಲ್ಲ ಅನುಮತಿ ಅನ್ನು.”

“ಗೋಡೆ ಹೊರಗಡೆ ಇದೆಯಲ್ಲ ದೊನ್ ಅತಿಲಿಯೊ.”

ಅತಿಲಿಯೊ ಗೋಡೆಯನ್ನು ನೋಡಿದ. ಅದು ಹೊರಗಡೆಯೇ ಇತ್ತು. “ಅದಕ್ಕೆ ನೀತಿ ಇಲ್ಲ,” ಎಂದ.

“ದೊತೋರಾಗೆ ಫೋನ್ ಮಾಡಿ ಕೇಳು,” ಎಂದಳು ಬೆನಿತಾ ಒಳಗಿನಿಂದ.

“ಏನಂತ ಕೇಳ್ಲಿ? ನೀವು ಕೊಟ್ಟ ಉಡುಗೊರೆ ಒಡೀಬಹುದಾ ಅಂತಾನಾ?”

ಮೊದಲು ಕಂಬಳಿ ನೇತುಹಾಕಿ ನೋಡಿದರು. ಮುಗಿದ ಮನೆ ಕಂಬಳಿ ಒಣಗಿಸುತ್ತಿರುವ ಹಾಗೆ ಕಂಡಿತು. ಕೆಸರು ಎರಚಿದರು. ಫೆಬ್ರವರಿಯ ಬಿಸಿಲಿಗೆ ಅದು ಹತ್ತು ನಿಮಿಷದಲ್ಲಿ ಒಣಗಿ, ಚಿನ್ನದ ಚುಕ್ಕಿಯ ಅಲಂಕಾರದ ಹಾಗೆ ನಿಂತುಬಿಟ್ಟಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಚೆನ್ನಾಗಿದೆ ಅಂದಳು.

“ಕೆತ್ತಿಬಿಡೋದೇ ಸರಿ,” ಎಂದಳು ಸೊಯ್ಲಾ.

“ಪಕ್ಷದ ಬರಹ ಅಳಿಸೋದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರೋಧ,” ಎಂದ ಅತಿಲಿಯೊ. ಸ್ವಲ್ಪ ಹೊತ್ತು ಯೋಚಿಸಿ, “ಆದ್ರೆ ಗೋಡೆ ಒಡೆಯೋದೂ ಒಂದು ಅಭಿವ್ಯಕ್ತಿ,” ಎಂದು ಮನೆಗೆ ಹೋಗಿ ಸುತ್ತಿಗೆ ತಂದ.

ಹನ್ನೊಂದು ಗಂಟೆಗೆ ಬೀದಿಯೆಲ್ಲ ಗೋಡೆಯ ಮುಂದಿತ್ತು. ಮನೆಯಲ್ಲಿ ಕೂಗಿದರೂ ಒಂದು ಮೊಳೆ ಹೊಡೆಯದ ಗಂಡಸರು ಹಾರೆ, ಉಳಿ, ಪಿಕಾಸಿ ಹಿಡಿದು ಬಂದಿದ್ದರು. ಪಕ್ಷದ ಹುಡುಗರ ಕೆಲಸ ಗಟ್ಟಿಯಾಗಿತ್ತು. ಗಾರೆ ಬಿಸ್ಕತ್ತಿನ ಹಾಗೆ ಚೂರುಚೂರಾಗಿ ಉದುರುವ ಬದಲು ಹಿಂದಿನ ಇಟ್ಟಿಗೆಯನ್ನೂ ಹಿಡಿದುಕೊಂಡು ಬಂತು. ‘ನ್ಯಾಯವಾದ’ ಹೋಯಿತು, ‘ತೆರಿಗೆ’ ಉಳಿಯಿತು.

“ಮೆಲ್ಲಗೆ, ಮೆಲ್ಲಗೆ!” ಎಂದು ಫೋರ್ತುನಾತೊ ಓಡಾಡಿದ. “ಗಾರೆ ಮಾತ್ರ ತೆಗೀರಿ! ಇಟ್ಟಿಗೆ ನಂದು!”

“ಇಟ್ಟಿಗೆ ಯಾರು ಕಟ್ಟಿದ್ದು? ಜೋರಾಗಿ ಉಸಿರು ಬಿಟ್ರೆ ಅಲ್ಲಾಡುತ್ತೆ!” ಎಂದ ಹಾರೆ ಹಿಡಿದವನೊಬ್ಬ.

“ನಾನೇ.”

“ಗೊತ್ತಾಯ್ತು ಬಿಡು.”

ಮಧ್ಯಾಹ್ನ ಎರಡು ಗಂಟೆಗೆ ಪುರಸಭೆಯ ಕಾವಲುಗಾರ ಬೈಕಿನಲ್ಲಿ ಬಂದ. ಸದ್ದಿನ ಬಗ್ಗೆ ಯಾರೋ ದೂರು ಕೊಟ್ಟಿದ್ದರು. ಅವನು ಬೈಕು ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು ಫೋರ್ತುನಾತೊನ ಮುಂದೆ ನೆಟ್ಟಗೆ ನಿಂತ.

“ಸೆನ್ಯೋರ್, ಪ್ರಶ್ನೆ ಕೇಳೋ ಮೊದಲು ನಿಮ್ಮ ಹಕ್ಕುಗಳನ್ನ ಹೇಳ್ಬೇಕು ಅಂತ ಹೊಸ ಆಜ್ಞೆ. ಒಂದನೇದು, ನಿಮ್ಮನ್ನ ಯಾಕೆ ತಡೆದಿದ್ದೀನಿ ಅಂತ ತಿಳ್ಕೊಳ್ಳೋ ಹಕ್ಕು.”

ಬೀದಿಯವರು ಚಪ್ಪಾಳೆ ತಟ್ಟಿದರು. ಅಭ್ಯಾಸಬಲ. ಕೈಯಲ್ಲಿ ಸುತ್ತಿಗೆ ಇದ್ದವರು ಅದನ್ನು ಗೋಡೆಗೆ ತಟ್ಟಿದರು.

“ಎರಡನೇದು, ಉತ್ತರ ಕೊಡದೇ ಸುಮ್ನಿರೋ ಹಕ್ಕು.”

ಮತ್ತೆ ಚಪ್ಪಾಳೆ. ಗೋಡೆಯೊಳಗೆ ಎಲ್ಲೋ ಒಣಗಿದ ಬ್ರೆಡ್ಡು ಮುರಿದ ಹಾಗೆ ಸದ್ದಾಯಿತು. ಕಾವಲುಗಾರನ ಬೆನ್ನು ಗೋಡೆಯ ಕಡೆಗಿತ್ತು.

“ಮೂರನೇದು, ನಿಮ್ಮ ಆಸ್ತಿಗೆ ಸಂಬಂಧಪಟ್ಟ ಹಾಗೆ...”

ಆಸ್ತಿ ಬಿತ್ತು. ಎಲ್ಲ ಒಟ್ಟಿಗೆ ಅಲ್ಲ. ಮೊದಲು ಕಿಟಕಿ, ಆಮೇಲೆ ಬಾಗಿಲ ಮೇಲಿನ ತುಂಡು, ಆಮೇಲೆ ಇನ್ನು ತಡೆದು ಪ್ರಯೋಜನವಿಲ್ಲವೆಂದು ತೀರ್ಮಾನಿಸಿದ ಹಾಗೆ ಮಿಕ್ಕದ್ದು. ಧೂಳು ಇಳಿದಾಗ ಕಂಬಗಳು ನಿಂತಿದ್ದವು, ಮಾಳಿಗೆ ನಿಂತಿತ್ತು, ಮಾಳಿಗೆಯ ಮೇಲೆ ನಾಯಿಯೂ ನಿಂತಿತ್ತು. ಮುಂಗೋಡೆ ಇರಲಿಲ್ಲ. ರಿಪೇರಿಗೆ ಬಂದಿದ್ದ ಷೂಗಳು ಇಟ್ಟಿಗೆಯ ಕೆಳಗಿನಿಂದ ಮೂತಿ ಹೊರಗೆ ಚಾಚಿದ್ದವು. ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಬೆನಿತಾ ಆಲೂಗಡ್ಡೆ ಸುಲಿಯುತ್ತ ಕುಳಿತಿದ್ದದ್ದು ಇಡೀ ಬೀದಿಗೆ ಕಂಡಿತು. ಅವಳು ತಲೆಯೆತ್ತಿದಳು.

“ಈಗ ಸಮಾಧಾನ ಆಯ್ತಾ? ಈಗಂತೂ ಮನೆ ಮುಗಿದಿಲ್ಲ.”

“ಸ್ವಂತ ಗೋಡೆ ಒಡೆಯೋ ಹಕ್ಕು ದೊಡ್ಡದಾ, ಪಕ್ಷದ ಬರಹದ ಹಕ್ಕು ದೊಡ್ಡದಾ ಅಂತ ಕಚೇರೀಲಿ ಕೇಳ್ಕೊಂಡು ಬರ್ತೀನಿ,” ಎಂದು ಕಾವಲುಗಾರ ಬೈಕು ಹತ್ತಿದ. ಅವನು ಮತ್ತೆ ಬರಲಿಲ್ಲ.

ಫೋರ್ತುನಾತೊ ಇಟ್ಟಿಗೆಯ ರಾಶಿಯ ಮೇಲೆ ಕುಳಿತು ಬೆವರು ಒರೆಸಿಕೊಂಡ. ಬೇಜಾರಿತ್ತು. ಆದರೆ ಒಳಗೊಳಗೇ ಒಂದು ನೆಮ್ಮದಿಯೂ ಇತ್ತು. ಇಷ್ಟು ಅಪೂರ್ಣವಾದ ಮನೆ ಲೋಮಾ ಸೆಕಾದಲ್ಲಿ ಇನ್ನೊಂದಿಲ್ಲ. ಇದಕ್ಕೆ ಅರ್ಧ ಏನು, ಕಾಲು ತೆರಿಗೆ ಹಾಕಿದರೂ ಆಶ್ಚರ್ಯವಿಲ್ಲ. ಮಗಳ ಕೋಣೆ ಉಳಿಯಿತು.

ನಾಲ್ಕಕ್ಕೆ ಸರಿಯಾಗಿ ತಪಾಸಣೆಯವನು ಬಂದ. ಸಣಕಲು ಮನುಷ್ಯ, ಅಂಗಿಯ ಮೇಲೆ ಸಣ್ಣ ಕೊಡೆಯ ಬಿಲ್ಲೆ. ಬೀದಿಯ ಮೂಲೆಯಲ್ಲೇ ನಿಂತುಬಿಟ್ಟ.

“ದೊನ್ ಫೋರ್ತುನಾತೊ ವಾಲ್ಪ ಅವರ ಮನೆ?”

“ಇದೇ ಸ್ವಾಮಿ! ನೋಡ್ಕೊಳ್ಳಿ. ಮುಗಿದಿಲ್ಲ. ಮುಗಿಯೋ ಲಕ್ಷಣಾನೂ ಇಲ್ಲ.”

“ನಿನ್ನೆ ಸಂಜೆ ಈ ದಾರೀಲಿ ಹೋಗಿದ್ದೆ. ಬೆಳ್ಳಗೆ, ಕೊಡೆ ಚಿತ್ರ ಎಲ್ಲ ಇತ್ತಲ್ಲ?”

“ಇತ್ತು. ತೆಗೆಸ್ದೆ.”

“ಯಾಕೆ?”

ಫೋರ್ತುನಾತೊ ನಕ್ಕ. ಬೀದಿಯವರೂ ನಕ್ಕರು. ತಪಾಸಣೆಯವನು ನಗಲಿಲ್ಲ.

“ದೊತೋರಾ ಸಭೇಲೇ ಹೇಳಿದ್ರಲ್ಲ. ನ್ಯಾಯವಾದ ತೆರಿಗೆ ಅಂದ್ರೆ, ಬೇಕಂತಲೇ ಅರ್ಧ ಕಟ್ಟಿ ಬಿಟ್ಟಿರೋ ಮನೆಗೆ ಪೂರ್ತಿ ತೆರಿಗೆ. ಮುಂಭಾಗ ಮುಗಿಸಿದ ಮನೆಗೆ ಅರ್ಧ. ಅದೂ ತಪಾಸಣೆ ದಿನ ಸಂಜೆ ಐದರ ಒಳಗೆ ಮುಗಿಸಿರ್ಬೇಕು. ಈ ಬೀದಿಗೆ ನಿಮ್ಮದೇ ಮಾದರಿ ಮನೆ ಆಗ್ಲಿ ಅಂತ ಅವರೇ ಹುಡುಗ್ರನ್ನ ಕಳ್ಸಿದ್ದು. ನೀವು ಮೊದಲ ಸಾಲಲ್ಲೇ ಕೂತಿದ್ರಂತಲ್ಲ, ಕೇಳಿಸ್ಲಿಲ್ವಾ?”

ಬೀದಿಯವರ ನಗು ನಿಂತಿತು. ಆಮೇಲೆ ಬೀದಿಯವರೇ ಇರಲಿಲ್ಲ.

ಫೋರ್ತುನಾತೊಗೆ ಕೊನೆಗೆ ನೆನಪಾದದ್ದು ಎರಡನೇ ನೀತಿ. ಬಾಗಿಲಿದ್ದ ಜಾಗದಲ್ಲಿ ಕೈ ಅಡ್ಡ ಹಿಡಿದು ನಿಂತ. “ನನ್ನ ಅನುಮತಿ ಇಲ್ದೆ ಒಳಗೆ ಬರೋ ಹಾಗಿಲ್ಲ! ಅದು ನನ್ನ ಹಕ್ಕು!”

“ಖಂಡಿತ ಇಲ್ಲ,” ಎಂದ ತಪಾಸಣೆಯವನು, ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದು. “ಒಳಗೆ ಬರೋ ಅಗತ್ಯಾನೂ ಇಲ್ಲ. ಇಲ್ಲಿಂದ್ಲೇ ಎಲ್ಲಾ ಕಾಣ್ತಾ ಇದೆ.”

ರಸ್ತೆಯಲ್ಲಿ ನಿಂತೇ ಅವನು ನೋಡಿಕೊಂಡ. ಮುಂದೆ ಷೂ ಅಂಗಡಿ, ಅಂದರೆ ವ್ಯಾಪಾರ. ಹಿಂದೆ ಟೈಲ್ಸ್ ಹಾಕಿದ ಅಡುಗೆಮನೆ. ತೆರೆದ ಹಿಂಬಾಗಿಲಾಚೆ ಹಿತ್ತಿಲಲ್ಲಿ ಇಟ್ಟಿಗೆ, ಅಂದರೆ ಇನ್ನೊಂದು ಮಹಡಿ. ಪೂರ್ತಿ ತೆರಿಗೆ, ಅದರ ಮೇಲೆ ಅಂಗಡಿಯದು ಬೇರೆ. ಬೆನಿತಾಗೆ ವಂದಿಸಿ ಮುಂದಿನ ಮನೆಗೆ ಹೊರಟ.

ಮುಂದಿನ ಮನೆ ಅತಿಲಿಯೊನದು. ಪಕ್ಷದ ಹುಡುಗರು ಬಿಟ್ಟುಹೋಗಿದ್ದ ಮೂರು ಮೂಟೆ ಗಾರೆಪುಡಿಯಲ್ಲಿ ಒಂದು ಅಲ್ಲಿತ್ತು. ಅತಿಲಿಯೊ ಕುರ್ಚಿಯ ಮೇಲೆ ನಿಂತು ಎರಡೂ ಕೈಯಲ್ಲಿ ಗಾರೆ ಮೆತ್ತುತ್ತಿದ್ದ. ಇನ್ನೊಂದು ಮೂಟೆ ಎದುರುಮನೆಯಲ್ಲಿ. ಸೊಯ್ಲಾ ಕಷಾಯದ ಸೌಟಿನಿಂದಲೇ ಬಳಿಯುತ್ತಿದ್ದಳು, ಎಟುಕುವಷ್ಟು ಎತ್ತರಕ್ಕೆ. ಮೂರನೆಯದನ್ನು ಮಿಕ್ಕವರು ಬಕೆಟ್ಟುಗಳಲ್ಲಿ ಹಂಚಿಕೊಳ್ಳುತ್ತಿದ್ದರು.

“ಕೊಮಾದ್ರೆ, ಅದು ನನ್ನ ಗಾರೆ!” ಎಂದು ಫೋರ್ತುನಾತೊ ಕೂಗಿದ.

“ನಿನಗೆ ಗೋಡೆ ಎಲ್ಲಿದೆ ಕೊಂಪಾದ್ರೆ, ಮೆತ್ತೋಕೆ?”

ಐದು ಗಂಟೆಗೆ ಆ ಬೀದಿಯಲ್ಲಿ ಒಂಬತ್ತು ಮನೆಗಳು ಮುಗಿದವು. ಎತ್ತರದ ಬಗ್ಗೆ ನಿಯಮದಲ್ಲಿ ಏನೂ ಹೇಳಿಲ್ಲವಾದ್ದರಿಂದ ಸೊಯ್ಲಾಳ ಮನೆಯನ್ನೂ ತಪಾಸಣೆಯವನು ಒಪ್ಪಿಕೊಂಡ.

ಯೆನಿಯ ಮದುವೆ ಏಪ್ರಿಲ್‌ನಲ್ಲಿ ನಡೆಯಿತು. ಮಾಳಿಗೆಯ ಕೋಣೆಗೆಂದು ತಂದ ಇಟ್ಟಿಗೆ ಮುಂಗೋಡೆಗೆ ಹೋಯಿತು. ಮಗಳು, ಅಳಿಯ ಷೂ ಅಂಗಡಿಯಲ್ಲಿ ಮಲಗುತ್ತಾರೆ.

ಮೇ ತಿಂಗಳಲ್ಲಿ ಚೌಕದಲ್ಲಿ ಪಕ್ಷದ ಸಭೆಯಿತ್ತು. ಮುಂಗೋಡೆ ಕಳೆದುಕೊಂಡವರಿಗೆ ಏನಾದರೂ ರಿಯಾಯಿತಿ ಇದೆಯೇ ಎಂದು ತಿಳಿಯಲು ಫೋರ್ತುನಾತೊ ಮೊದಲ ಸಾಲಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ದೊತೋರಾ ಗ್ರಿಮನೆಸಾ, “ತೆರಿಗೆಯ ವಿಷಯದಲ್ಲಿ, ಬಂಧುಗಳೇ...” ಎಂದಳು. ಹಿಂದಿನ ಸಾಲಿನಲ್ಲಿ ದೊನ್ ಅತಿಲಿಯೊ ಮತ್ತು ಸೊಯ್ಲಾ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಿಕ್ಕ ವಾಕ್ಯ ಯಾರಿಗೂ ಕೇಳಿಸಲಿಲ್ಲ.