ಕಾಲೇಜುಗಳಿಗೆ ಅಂಕ ಹಾಕಿದ ಹುಡುಗಿ

ನಮ್ಮ ಮನೆಯಲ್ಲೊಬ್ಬಳು ಹುಡುಗಿ ಇದ್ದಾಳೆ. ಅವಳಿಗೆ ನೀರು ಹಿಡಿಯಲು ಹೇಳಿದರೆ ಕೊಡ ತುಂಬುವುದಿಲ್ಲ, ನೋಟ್‌ಬುಕ್ಕು ತುಂಬುತ್ತದೆ!

ಆ ದಿನವೂ ಹಾಗೇ ಆಯಿತು. ಕೊಟ್ಟೂರಿನ ನಮ್ಮ ಓಣಿಗೆ ನಲ್ಲಿ ಬಿಡುವ ಸರದಿ. ನಾನು ಐದೂವರೆಗೆ ಎದ್ದು, ಅಂಗಳ ಗುಡಿಸಿ, ರಂಗೋಲಿ ಎಳೆದು, ಹಾಲು ಕಾಯಲಿಟ್ಟು, ಒಗ್ಗರಣೆಗೆಂದು ಮಂಡಕ್ಕಿ ನೆನೆಸಿ ಹಿಂಡುತ್ತಿದ್ದೆ. ಹೊರಗೆ ನೀರು ಕೊಡ ತಪ್ಪಿಸಿಕೊಂಡು, ಕಟ್ಟೆ ಇಳಿದು, ನನ್ನ ರಂಗೋಲಿಯನ್ನು ಜೊತೆಗೆ ಕರೆದುಕೊಂಡು ಪಕ್ಕದ ಮನೆಯ ಶಾಂತಮ್ಮನವರ ಬಾಗಿಲಿಗೆ ಹೊರಟಿತ್ತು. ಹುಡುಗಿ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಬರೆಯುತ್ತಿದ್ದಳು.

"ಲೇ, ನೀರು ಹೊಂಟೈತಿ ನೋಡು!"

"ಅದನ್ನ ಬರಿಯಾಕತ್ತೀನಿ ಅತ್ತಿ, ಒಂದು ನಿಮಿಷ!"

ಇವಳು ನನ್ನ ನಾದಿನಿಯ ಮಗಳು, ಗುಡೇಕೋಟೆಯವಳು. ಪಿಯುಸಿ ಓದಲೆಂದು ಎರಡು ವರ್ಷದ ಹಿಂದೆ ನಮ್ಮ ಮನೆಗೆ ಬಂದಳು. ನಮಗೆ ಮಕ್ಕಳಿಲ್ಲ. ನಮ್ಮ ಮನೆಯವರು ದಿನವಿಡೀ ಅಂಗಡಿಯಲ್ಲಿರುತ್ತಾರೆ. ಅದುವರೆಗೆ ಮಧ್ಯಾಹ್ನದ ಹೊತ್ತು ನಮ್ಮ ಮನೆಯಲ್ಲಿ ಕುಕ್ಕರ್ ಬಿಟ್ಟರೆ ಬೇರೆ ಯಾರೂ ಮಾತಾಡುತ್ತಿರಲಿಲ್ಲ.

ಅವಳು ಬರಹಗಾರ್ತಿ ಆಗಬೇಕಂತೆ. ಅಂಕ ಎಷ್ಟು ಅಂತೀರಾ? ನೂರಕ್ಕೆ ಐವತ್ತಾರು. ದಡ್ಡಿ ಏನಲ್ಲ. ಇತಿಹಾಸದ ಪರೀಕ್ಷೆಯಲ್ಲಿ ಸಹಾಯಕ ಸೈನ್ಯ ಪದ್ಧತಿಯ ಬಗ್ಗೆ ಐದು ಅಂಕದ ಪ್ರಶ್ನೆ ಬಂತು. ಇವಳು ಆ ಸೈನ್ಯಕ್ಕೆ ಅಡುಗೆ ಮಾಡುತ್ತಿದ್ದವನ ಬಗ್ಗೆ ನಾಲ್ಕು ಪುಟ ಬರೆದಳು. ಅವನಿಗೆ ಮನೆ ನೆನಪಾದಾಗಲೆಲ್ಲ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತಂತೆ! ಉಳಿದ ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ. ಐದಕ್ಕೆ ಒಂದು ಅಂಕ ಬಂದಿತ್ತು. ಅದು ಸಾರಿಗೇ ಇರಬೇಕು.

ಮಂಡಕ್ಕಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಗುಡೇಕೋಟೆಯಿಂದ ಅವಳಪ್ಪನ ಫೋನು.

"ಅಕ್ಕಾರ, ಬಳ್ಳಾರ್ಯಾಗ ನರ್ಸಿಂಗ್ ಸೀಟು ನಾಳಿ ಮಟ ಇಟ್ಕಂಡಿರ್ತಾರಂತ. ಈಕಿ ಬಿ.ಎ. ಓದ್ತೀನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ತಿಂಗಳಾತು, ಯಾವ ಕಾಲೇಜು ಅಂತ ಬಾಯಿ ಬಿಡವಲ್ಲಳು. ಇವತ್ತು ಸಂಜಿ ಒಳಗ ಒಂದು ಹೆಸರು ಹೇಳ್ಲಿ. ಇಲ್ಲಾಂದ್ರ ಮುಂಜಾನಿ ಬಳ್ಳಾರಿ ಬಸ್ಸು!"

ಇವಳು ನರ್ಸೇ? ಒಮ್ಮೆ ಈಳಿಗೆಗೆ ನನ್ನ ಬೆರಳು ಸಿಕ್ಕಾಗ ಬಟ್ಟೆ ತರುವುದು ಬಿಟ್ಟು ಪಕ್ಕದಲ್ಲಿ ಕೂತು, "ಉರೀತೈತೋ, ಜುಮುಜುಮು ಅಂತೈತೋ? ಸರಿಯಾಗಿ ಹೇಳ್ರಿ ಅತ್ತಿ" ಎಂದು ಕೇಳಿದವಳು! ಆ ರೋಗಿಗಳ ಪಾಡೇನು?

ಒಲೆ ಆರಿಸಿದೆ. "ನಡಿ. ಇವತ್ತು ಕಾಲೇಜು ಆರಿಸಿಕೊಂಡೇ ಬರೋಣ."

ಅವಳು ಆಗಲೇ ತಯಾರಾಗಿದ್ದಳು. ಕೈಯಲ್ಲೊಂದು ಗೆರೆ ಹಾಕಿದ ಹಾಳೆ. ಕಿಟಕಿಗೆ ಇಪ್ಪತ್ತೈದು, ಗ್ರಂಥಾಲಯಕ್ಕೆ ಇಪ್ಪತ್ತೈದು, ಮರಕ್ಕೆ ಇಪ್ಪತ್ತೈದು, ಅಲ್ಲಿಯವರ ಮಾತಿಗೆ ಇಪ್ಪತ್ತೈದು.

"ಅವರು ನನ್ನ ಅಂಕ ನೋಡ್ತಾರ. ನಾ ಅವರದು ನೋಡಬಾರದಾ?"

ಕೂಡ್ಲಿಗಿಯ ಕಾಲೇಜಿಗೆ ಹಿಂದಿನ ವಾರವೇ ಐವತ್ನಾಲ್ಕು ಬಿದ್ದಿತ್ತು. ನಮ್ಮ ಕೊಟ್ಟೂರಿನ ಕಾಲೇಜು ಆ ಹಾಳೆಯಲ್ಲೇ ಇರಲಿಲ್ಲ. ಬರೆಯುವವರು ದೂರ ಹೋಗಬೇಕಂತೆ.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ಟು ಪಡೆದೆವು. ನಾನು ಹೊಸಪೇಟೆಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಲಿಸಿದ ಅಭ್ಯಾಸ, ಕಂಡಕ್ಟರಿಗೆ "ಥ್ಯಾಂಕ್ಯೂ" ಅಂದೆ. ಆತ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ! ಹುಡುಗಿ ಅಷ್ಟರಲ್ಲಿ ಟಿಕೆಟ್ಟಿನ ಹಿಂಬದಿಗೆ ಏನೋ ಗೀಚಿಕೊಳ್ಳುತ್ತಿದ್ದಳು.

ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಅಟೆಂಡರ್ ಬೀಗದ ಗೊಂಚಲು ಹಿಡಿದು ನಿಂತಿದ್ದರು.

"ಅಣ್ಣಾರ, ನಿಮ್ಮ ಕಿಟಕ್ಯಾಗ ಏನು ಕಾಣ್ತೈತ್ರಿ?"

ಅವರು ಇವಳನ್ನು ಮೇಲಿಂದ ಕೆಳಗೆ ನೋಡಿದರು. "ಏನು ಕಾಣ್ತೈತವ್ವ? ಒಳಗ ನಿಂತ್ರ ಹೊರಗ ಕಾಣ್ತೈತಿ, ಹೊರಗ ನಿಂತ್ರ ಒಳಗ ಕಾಣ್ತೈತಿ."

ಮಾತಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು! ಹುಡುಗಿ ಆ ವಾಕ್ಯವನ್ನು ಬರೆದುಕೊಂಡು ಎರಡೆರಡು ಸಲ ಓದಿದಳು. ಒಟ್ಟು ಐವತ್ತೇಳು.

ಹಡಗಲಿಯ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನ ಕೆಳಗೆ ಒದ್ದೆ ಬಟ್ಟೆ ಹೊದಿಸಿದ ಮಲ್ಲಿಗೆಯ ಬುಟ್ಟಿ. ಬಸ್ಸು ಕುಲುಕಿದಾಗಲೆಲ್ಲ ಒಂದಿಷ್ಟು ಪರಿಮಳ ಎದ್ದು ಬಂದು ಮತ್ತೆ ಕೂರುತ್ತಿತ್ತು. ಕಿಟಕಿಯಾಚೆ ಸಜ್ಜೆಯ ಹೊಲಗಳು ನಿಧಾನವಾಗಿ ತಿರುಗುತ್ತಿದ್ದವು. ಎಲ್ಲಿಗೆ ಹೊರಟಿದ್ದೇವೆಂಬುದು ನನಗೆ ಅರೆಗಳಿಗೆ ಮರೆತೇ ಹೋಗಿತ್ತು. ಇಳಿಯುವ ಊರು ಬರದಿದ್ದರೂ ಆದೀತು ಅನ್ನಿಸಿತು.

ಹಡಗಲಿ ಕಾಲೇಜಿನ ಗ್ರಂಥಾಲಯದಲ್ಲಿ ಅವಳು ಒಂದು ಪುಸ್ತಕ ತೆಗೆದು, ಬಿಡಿಸಿ, ಮೂಗಿಗೆ ಹಿಡಿದಳು. ಗ್ರಂಥಪಾಲಕರು ಕನ್ನಡಕ ಇಳಿಸಿ ನೋಡಿದರು.

"ಏನವ್ವ, ಮೂಸಾಕತ್ತೀ?"

"ಯಾರಾದ್ರೂ ಓದ್ಯಾರೇನು ಅಂತ್ರಿ. ಓದಿದ ಪುಸ್ತಕ ಮನುಷ್ಯರ ವಾಸನಿ ಬರ್ತೈತಿ." ಮತ್ತೊಮ್ಮೆ ಮೂಸಿ ಮುಖ ಅರಳಿಸಿದಳು. "ಇದನ್ನ ಯಾರೋ ಉಪ್ಪಿನಕಾಯಿ ನೆಕ್ಕಂತ ಓದ್ಯಾರ್ರಿ!"

ಗ್ರಂಥಪಾಲಕರು ನಾಚಿಕೊಂಡರು. "ನಾನ ಓದಿದ್ದವ್ವ. ಊಟದ ಹೊತ್ತಿನ್ಯಾಗ."

ಗ್ರಂಥಾಲಯಕ್ಕೆ ಪೂರ್ತಿ ಅಂಕ. ಒಟ್ಟು ಐವತ್ತೆಂಟು.

ಹರಪನಹಳ್ಳಿಯಲ್ಲಿ ಬೇವಿನ ಮರವೊಂದಿತ್ತು. ಅದನ್ನು ಪರೀಕ್ಷಿಸುತ್ತೇನೆಂದು ಕೆಳಗೆ ಕೂತವಳು ನಿದ್ದೆ ಹೋದಳು! ನಾನು ಪಕ್ಕದಲ್ಲಿ ಬೆನ್ನು ನೆಟ್ಟಗಿಟ್ಟು ಕೂತು ಅವಳ ಚಪ್ಪಲಿಗೆ ಇರುವೆ ಹತ್ತದಂತೆ ಕಾದೆ. ಬೇವಿನ ಎಲೆಯ ನೆರಳು ಅವಳ ಹಣೆಯ ಮೇಲೆ ಆಡುತ್ತಿತ್ತು. ಮುಂದಿನ ತಿಂಗಳಿಂದ ಇವಳು ಇಂಥ ಯಾವುದೋ ಊರಿನ ಹಾಸ್ಟೆಲಿನಲ್ಲಿ ಮಲಗುತ್ತಾಳೆ. ತಲೆದಿಂಬಿನ ಕೆಳಗಿನ ಪೆನ್ನು ಕುತ್ತಿಗೆಗೆ ಒತ್ತಿದರೆ ತೆಗೆದಿಡುವವರು ಯಾರು? ಹೀಗೆ ಯೋಚಿಸುತ್ತ ಕೂತಿದ್ದೆ. ಬೇಡ ಅನ್ನಲು ನಾನ್ಯಾರು? ಓದಲಿ ಎಂದು ಕರೆದುಕೊಂಡು ಬಂದವಳೇ ನಾನು.

ಎದ್ದವಳೇ ಮರಕ್ಕೆ ಪೂರ್ತಿ ಅಂಕ ಕೊಟ್ಟು ಆಫೀಸಿಗೆ ನಡೆದಳು.

"ಎಷ್ಟು ಪರ್ಸೆಂಟ್ ತಗಂಡಿಯಮ್ಮಾ?" ಗುಮಾಸ್ತರು ಕೇಳಿದರು.

"ಐವತ್ತಾರ್ರಿ. ನಿಮ್ಮದು ಐವತ್ತೊಂಬತ್ತು."

"ನನ್ದಾ?"

"ನಿಮ್ಮ ಕಾಲೇಜಿಂದ್ರಿ."

ಅವರು ಹೊಟ್ಟೆ ಹಿಡಿದು ನಕ್ಕು, "ನಮ್ದು ಪಾಸಾತಲ್ಲ, ಸಾಕು ಬಿಡಮ್ಮಾ" ಎಂದು ಅರ್ಜಿ ಕೊಟ್ಟರು. ಸದ್ಯ, ಒಂದು ಹೆಸರು ಸಿಕ್ಕಿತು! ಬಳ್ಳಾರಿ ತಪ್ಪಿತು! ಅವಳು ಸರಸರನೆ ತುಂಬಿಸುತ್ತ ಹೋದಳು. 'ಸ್ಥಳೀಯ ಪಾಲಕರು' ಎಂಬ ಸಾಲಿಗೆ ಬಂದು ಪೆನ್ನು ನಿಂತಿತು. ಆ ಊರಿನಲ್ಲಿ ಬರೆಯಲು ನಮಗೆ ಯಾರೂ ಇರಲಿಲ್ಲ. ಅವಳು ನನ್ನ ಮುಖ ನೋಡಿದಳು, ಅರ್ಜಿ ನೋಡಿದಳು, ಮಡಚಿ ವಾಪಸ್ಸು ಕೊಟ್ಟಳು.

"ಹೋಗಣ ಅತ್ತಿ."

"ಲೇ, ನಿಮ್ಮಪ್ಪಗ ಏನು ಹೇಳ್ತೀ?" ನಾನು ಅವಳ ಹಿಂದೆಯೇ ಓಡಿದೆ.

"ನಡೀರಿ ಅತ್ತಿ, ಬಸ್ಸು ಹೋಗ್ತೈತಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ, ತಾನು ಗೀಚಿದ್ದ ಟಿಕೆಟ್ಟುಗಳ ಕಟ್ಟನ್ನು ನನ್ನ ಕೈಗಿಟ್ಟಳು. ಓದಬೇಕಂತೆ. ದಿನವೂ ಇದೇ ಪದ್ಧತಿ: ಅವಳು ಬರೆದದ್ದನ್ನು ನಾನು ಗಟ್ಟಿಯಾಗಿ ಓದಬೇಕು. ಕಾನ್ವೆಂಟಿನ ಇಂಗ್ಲಿಷು ಓದಿದವಳ ಕನ್ನಡ ಹೇಗಿರುತ್ತದೆ? ಕರೆಂಟು ಹೋದ ಮನೆಯಲ್ಲಿ ಗೋಡೆ ಮುಟ್ಟಿಕೊಂಡು ನಡೆದಂತೆ. ಮಲ್ಲಿಗೆ ಬುಟ್ಟಿಯ ಟಿಕೆಟ್ಟಿನಲ್ಲಿ ಎರಡು ಕಡೆ ತಡವರಿಸಿದೆ. ಅವಳು ತಟ್ಟನೆ ಕಿತ್ತುಕೊಂಡು ಆ ಎರಡು ಪದಗಳನ್ನೂ ಹೊಡೆದುಹಾಕಿದಳು. ಪಾಪ, ನನ್ನ ಓದು ಕೇಳಿ ಬೇಸತ್ತಿದ್ದಾಳೆ ಎಂದೇ ಎರಡು ವರ್ಷದಿಂದ ನಾನು ತಿಳಿದಿದ್ದೆ.

ಕೊಟ್ಟೂರಿನಲ್ಲಿ ಇಳಿದಾಗ ನಾಲ್ಕೂವರೆ. ಅವಳು ಮನೆಯ ಕಡೆ ತಿರುಗಲಿಲ್ಲ. ಮುಂದೆ ಮುಂದೆ ನಡೆದು ನಮ್ಮೂರ ಕಾಲೇಜಿನ ಆಫೀಸು ಹೊಕ್ಕಳು. ಕಿಟಕಿ ನೋಡಲಿಲ್ಲ, ಪುಸ್ತಕ ಮೂಸಲಿಲ್ಲ. ಅರ್ಜಿ ಕೇಳಿ, ನಿಂತಲ್ಲೇ ತುಂಬಿಸಿ ಕೊಟ್ಟಳು. ಚೀಲಕ್ಕೆ ಪೆನ್ನು ಹಾಕಿಕೊಳ್ಳುತ್ತಿದ್ದ ಗುಮಾಸ್ತರು ಓದುತ್ತ ಓದುತ್ತ ಹುಬ್ಬೇರಿಸಿದರು.

"ಏನವ್ವ ಇದು? ಸ್ಥಳೀಯ ಪಾಲಕರ ಉದ್ಯೋಗ ಅಂದಲ್ಲಿ 'ಓದುಗರು' ಅಂತ ಬರದೀ?"

"ಹೌದ್ರಿ."

"ಗೃಹಿಣಿ ಅಂತ ಬರೀಬೇಕು."

"ಅದು ಮನಿ ಕೆಲಸ್ರಿ. ಉದ್ಯೋಗ ಇದು. ಎರಡು ವರ್ಷ ಆತು, ಒಂದು ದಿನ ರಜಾ ತಗಂಡಿಲ್ಲ." ಅವಳು ನನ್ನ ಕಡೆ ನೋಡದೆ ಹೇಳುತ್ತಿದ್ದಳು. "ಅತ್ತಿ ಎಲ್ಲಿ ತಡವರಿಸ್ತಾರೋ ಅಲ್ಲಿ ನಾ ಸುಳ್ಳು ಬರದಿರ್ತೀನ್ರಿ. ಪ್ರತಿ ಸಲಾನೂ. ಇಂಥಾರು ಹಡಗಲ್ಯಾಗ ಎಲ್ಲಿ ಸಿಗ್ತಾರ, ಹರಪನಹಳ್ಳ್ಯಾಗ ಎಲ್ಲಿ ಸಿಗ್ತಾರ?"

ಗುಮಾಸ್ತರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಠಪ್ಪೆಂದು ಮೊಹರು ಒತ್ತಿದರು. ನಾನು ಸೆರಗಿನ ಮೇಲಿದ್ದ ಮಲ್ಲಿಗೆಯ ಒಂದು ಎಸಳನ್ನು ತೆಗೆಯುವವಳಂತೆ ತಲೆ ತಗ್ಗಿಸಿದೆ. ಸೆರಗಿನ ಮೇಲೆ ಎಸಳೇನೂ ಇರಲಿಲ್ಲ.

ಮನೆಗೆ ಬಂದು ಫೋನು ಮಾಡಿದೆವು. "ಕೊಟ್ಟೂರಾ? ಇಷ್ಟು ಹೇಳಾಕ ತಿಂಗಳು ಬೇಕಾತಾ?" ಎಂದು ಅವಳಪ್ಪ ಬೈದರು, ಬಳ್ಳಾರಿಯವರಿಗೆ ಬೇಡವೆಂದು ತಿಳಿಸುತ್ತೇನೆಂದರು. ಹುಡುಗಿ ಒಳಗೆ ಹೋಗಿ, ಹೊಡೆದುಹಾಕಿದ ಎರಡು ಪದಗಳ ಜಾಗಕ್ಕೆ ಬೇರೆ ಪದ ಹುಡುಕುತ್ತ ಕೂತಳು.

ದೀಪ ಹಚ್ಚುವ ಹೊತ್ತಿಗೆ ಶಾಂತಮ್ಮನವರು ಬಟ್ಟಲು ಹಿಡಿದು ಬಂದರು. ಓಣಿಯಲ್ಲಿ ಯಾರಿಗೆ ಯಾರು ಏನಾಗಬೇಕೆಂಬುದೆಲ್ಲ ಬಾಯಿಪಾಠ ಅವರಿಗೆ. ವಿಷಯ ಕೇಳಿ ಗಲ್ಲಕ್ಕೆ ಕೈ ಇಟ್ಟುಕೊಂಡರು.

"ಅಲ್ರೀ, ಮೂರೂರು ತಿರುಗಿ ಬಂದು ಇದನ್ನ ಹಿಡದ್ಲಾ ನಿಮ್ಮ ಮಗಳು? ಇರ್ಲಿ, ಹೆಪ್ಪಿಗೆ ಒಂದು ಚಮಚ ಮೊಸರಿದ್ರ ಕೊಡ್ರಿ, ಹಾಲು ಆರಿ ಹೋಗ್ತೈತಿ."