ದೊಡ್ಡಮ್ಮ ನನ್ನನ್ನು ಬ್ಯಾಂಕಾಕಿನಲ್ಲಿ ಒಪ್ಪಿಸಿದ್ದು

ನನಗೆ ನಲವತ್ತು ದಾಟಿದೆ. ಎರಡು ಮಕ್ಕಳ ತಾಯಿ. ಕೋಲಾರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳುವ ಟೀಚರು. ಇಷ್ಟೆಲ್ಲ ಇದ್ದೂ ನನ್ನನ್ನು ಇದುವರೆಗೆ ಎಷ್ಟು ಜನ ಅಪರಿಚಿತರ ವಶಕ್ಕೆ ಕೊಡಲಾಗಿದೆ ಎಂದರೆ, ಗಡಿ ದಾಟುವ ಕಳ್ಳಮಾಲು ಕೂಡ ಅಷ್ಟು ಕೈ ಬದಲಾಯಿಸಿರಲಾರದು! ಕೊಟ್ಟವಳು ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ವಕ್ಕಲೇರಿಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಉಳಿದ ಹೊತ್ತಿನಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ನೆಂಟರಿಷ್ಟರನ್ನು ಒಪ್ಪಿಸುತ್ತಾಳೆ.

ಒಪ್ಪಿಸುವುದೆಂದರೆ ಏನೆಂದು ಕೇಳುತ್ತೀರಾ? ನೀವು ದೊಡ್ಡಮ್ಮನ ಮನೆಗೆ ಬಂದು ವಾಪಸು ಹೊರಟಿರಿ ಎನ್ನಿ. ಅವಳು ಬಸ್ ಸ್ಟಾಪಿನವರೆಗೆ ಬರುತ್ತಾಳೆ. ಬಸ್ಸು ಬಂದರೆ ನಿಮಗಿಂತ ಮೊದಲು ಅವಳೇ ಹತ್ತುತ್ತಾಳೆ. ಒಳಗಿರುವ ಮುಖಗಳನ್ನೆಲ್ಲ ಒಂದು ಸಲ ನೋಡಿ ಒಬ್ಬರನ್ನು ಆರಿಸಿ ಹೇಳುತ್ತಾಳೆ: "ಇವಳು ನಮ್ಮ ತಂಗಿ ಮಗಳು ಕಣಮ್ಮಾ. ಕೋಲಾರದಲ್ಲಿ ಇಳೀಬೇಕು. ಒಸಿ ನೋಡ್ಕೋ." ಅಷ್ಟೇ. ಆಮೇಲೆ ಆ ಹೆಂಗಸಿಗೆ ಬೇರೆ ದಾರಿ ಇಲ್ಲ. ನಡುವೆ ಅವರ ಊರು ಬಂದರೆ ಅವರು ಪಕ್ಕದವರಿಗೆ ನಿಮ್ಮನ್ನು ದಾಟಿಸಿಯೇ ಇಳಿಯಬೇಕು.

ನಮ್ಮ ಕಡೆ ಇದೇನೂ ಹೊಸದಲ್ಲ. ಚಿಕ್ಕ ಮಕ್ಕಳನ್ನು, ಕಣ್ಣು ಕಾಣದ ಮುದುಕರನ್ನು ಎಲ್ಲರೂ ಹೀಗೆ ಕಳಿಸುತ್ತಾರೆ. ದೊಡ್ಡಮ್ಮನಿಗೆ ಮಾತ್ರ ವಯಸ್ಸು, ಅಂತಸ್ತು ಯಾವುದೂ ಲೆಕ್ಕಕ್ಕಿಲ್ಲ. ಯೂನಿಫಾರ್ಮಿನಲ್ಲಿದ್ದ ಪೊಲೀಸ್ ನೆಂಟನನ್ನು ಕೋಳಿಬುಟ್ಟಿ ಹಿಡಿದು ಕೂತಿದ್ದ ಒಬ್ಬ ಅಜ್ಜಿಗೆ ಒಪ್ಪಿಸಿದ್ದಳು! ಅಜ್ಜಿ ಕೋಲಾರ ಬಂದೊಡನೆ ಅವನ ಭುಜ ಅಲುಗಿಸಿ, ಟೋಪಿ ಮರೆಯಬೇಡಪ್ಪಾ ಎಂದು ಎಚ್ಚರಿಸಿ ಇಳಿಸಿದರಂತೆ. ಅವನು ಇವತ್ತಿಗೂ ವಕ್ಕಲೇರಿಗೆ ಬೈಕಿನಲ್ಲೇ ಬರುತ್ತಾನೆ.

ನನ್ನ ಪಾಡು ಇನ್ನೂ ಕಷ್ಟ. ಒಮ್ಮೆ ಭಾನುವಾರ ದೊಡ್ಡಮ್ಮನ ಮನೆಯಲ್ಲಿ ಉಳಿದು ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದೆ. ಮಾಲೂರಿನಿಂದ ಬಂದ ಬಸ್ಸು ಹತ್ತಿದ ದೊಡ್ಡಮ್ಮ ಬಿಳಿ ಷರಟಿನ ಒಬ್ಬ ಯಜಮಾನರನ್ನು ಆರಿಸಿ ನನ್ನನ್ನು ಒಪ್ಪಿಸಿದಳು. ಈ ಹುಡುಗಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಕಿಟಕಿ ಪಕ್ಕ ಕೂರಿಸಿಕೊಳ್ಳಿ ಎಂದೂ ಸೇರಿಸಿದಳು. ಯಜಮಾನರು ತಿರುಗಿ ನೋಡಿದರು. ನಮ್ಮ ಹೆಡ್‌ಮಾಸ್ಟರು! ಆ ಮನುಷ್ಯ ಎದ್ದು ಕಿಟಕಿ ಬಿಟ್ಟುಕೊಟ್ಟರು. ಅಂದಿನಿಂದ ಸ್ಟಾಫ್ ಮೀಟಿಂಗಿನಲ್ಲಿ ನಾನು ಕೆಮ್ಮಿದರೂ ಸಾಕು, ಅವರು ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಇದೆಲ್ಲ ಯಾಕೆ ದೊಡ್ಡಮ್ಮಾ ಎಂದರೆ ಅವಳ ಹತ್ತಿರ ಸಿದ್ಧಾಂತವೇ ಇದೆ. ಬಸ್ಸಿನಲ್ಲಿ ನೂರು ಜನ ಇದ್ದರೂ ನಿಮ್ಮ ಹೊಣೆ ಯಾರದ್ದೂ ಅಲ್ಲ. ಒಬ್ಬರಿಗೆ ಬಾಯಿಬಿಟ್ಟು ಹೇಳಿದರೆ ಹೊಣೆ ಅವರದ್ದಾಗುತ್ತದೆ. ಸಾಕ್ಷಿಗೆ ಅವಳು ಮುಳಬಾಗಿಲು ಬಸ್ಸಿನ ಕಥೆ ಹೇಳುತ್ತಾಳೆ. ಕೋಲಾರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಚೀಲವನ್ನು ಪಕ್ಕದ ಸೀಟಿನ ಒಬ್ಬನಿಗೆ ಒಪ್ಪಿಸಿ ನೀರು ಕುಡಿಯಲು ಹೋದಳಂತೆ, ಅಲ್ಲಿ ಪರಿಚಯದವರು ಸಿಕ್ಕಿ ಮಾತು ಬೆಳೆಯಿತಂತೆ. ವಾಪಸು ಬಂದಾಗ ಅವನು ಚೀಲ ತಬ್ಬಿಕೊಂಡು ಕೂತಿದ್ದ. ಬೇಗ ಬರಬಾರದೇನಮ್ಮಾ, ನನ್ನ ಕೆಲಸ ಕೆಟ್ಟಿತು ಎಂದು ರೇಗಿ ಇಳಿದು ಹೋದನಂತೆ. ಆ ಸ್ಟ್ಯಾಂಡಿನ ಹೆಸರುವಾಸಿ ಜೇಬುಗಳ್ಳ ಅವನೇ ಎಂದು ಆಮೇಲೆ ಕಂಡಕ್ಟರು ಹೇಳಿದರಂತೆ! ಕಥೆ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಹೇಳುವಾಗಲೆಲ್ಲ ಆ ಚೀಲದೊಳಗಿನ ಸಾಮಾನು ಮಾತ್ರ ಹೆಚ್ಚುತ್ತಾ ಹೋಗುತ್ತದೆ.

ಇಂಥವಳನ್ನು ನಾನು ಬ್ಯಾಂಕಾಕಿಗೆ ಕರೆದುಕೊಂಡು ಹೋದೆ. ತಲೆ ಕೆಟ್ಟಿತ್ತಾ ಎಂದು ಕೇಳಬೇಡಿ. ಶ್ರೀನಿವಾಸಪುರದಲ್ಲಿ ನಮ್ಮದೊಂದು ಬೀಜ, ಕೀಟನಾಶಕದ ಅಂಗಡಿ ಇದೆ. ಔಷಧಿ ಚೆನ್ನಾಗಿ ಮಾರಿದ ಡೀಲರುಗಳನ್ನು ಕಂಪನಿಯವರು ಜೋಡಿಯಾಗಿ ಬ್ಯಾಂಕಾಕಿಗೆ ಕಳಿಸುತ್ತಾರೆ. ಆದರೆ ಅದೇ ಹೊತ್ತಿಗೆ ಮಾವು ಹೂ ಬಿಟ್ಟಿತು. ಔಷಧಿಗೆ ರೈತರು ಸಾಲುಗಟ್ಟಿರುವಾಗ ಅಂಗಡಿ ಮುಚ್ಚಲು ನನ್ನವರು ಒಪ್ಪಲಿಲ್ಲ, ಮನೆಯವರಲ್ಲಿ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು ಎಂದರು. ನಮ್ಮಿಬ್ಬರನ್ನು ಬಿಟ್ಟರೆ ಇಡೀ ಬಳಗದಲ್ಲಿ ಪಾಸ್‌ಪೋರ್ಟ್ ಇದ್ದದ್ದು ದೊಡ್ಡಮ್ಮನಿಗೆ ಮಾತ್ರ! ಹಾಲು ಹಾಕುವ ಹೆಂಗಸರಿಗೆಲ್ಲ ಶ್ರೀಲಂಕಾ ಪ್ರವಾಸವಂತೆ ಎಂದು ಹಿಂದೊಮ್ಮೆ ಊರಲ್ಲಿ ಗಾಳಿಸುದ್ದಿ ಹಬ್ಬಿತ್ತು. ಶ್ರೀಲಂಕಾ ಬರಲಿಲ್ಲ, ಪಾಸ್‌ಪೋರ್ಟ್ ಬಂದಿತ್ತು.

ಹೊರಡುವ ಮುಂಚೆ ನಾನು ಮೊಬೈಲಿನಲ್ಲಿ ಪ್ರವಾಸಿಗರಿಗೆ ಕೊಟ್ಟಿದ್ದ ಎಚ್ಚರಿಕೆಗಳನ್ನೆಲ್ಲ ಓದಿ ಬಾಯಿಪಾಠ ಮಾಡಿದೆ. ಅಪರಿಚಿತರ ಜೊತೆ ಮಾತು ಬೆಳೆಸಬೇಡಿ. ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಿ. ಆಟೋದವರು ದೇವಸ್ಥಾನ ಇವತ್ತು ಮುಚ್ಚಿದೆ ಎಂದರೆ ನಂಬಬೇಡಿ, ಕಮಿಷನ್ ಆಸೆಗೆ ಹರಳಿನ ಅಂಗಡಿಗೆ ಒಯ್ಯುತ್ತಾರೆ. ದೊಡ್ಡಮ್ಮನಿಗೂ ಓದಿ ಹೇಳಿದೆ. ಅವಳು ರಾಗಿ ಕೇರುತ್ತಾ ಎಲ್ಲ ಕೇಳಿಸಿಕೊಂಡು, "ಮಾತಾಡ್ದೆ ಹೆಂಗೇ ಗೊತ್ತಾಗ್ತದೆ ಒಳ್ಳೇವ್ರೋ ಕೆಟ್ಟೋರೋ ಅಂತ?" ಎಂದಳು.

ಬ್ಯಾಂಕಾಕಿನಲ್ಲಿ ಎರಡು ದಿನ ಗುಂಪಿನ ಜೊತೆ ಎಸಿ ಬಸ್ಸಿನಲ್ಲಿ ತಿರುಗಾಡಿದೆವು. ಮೂರನೆಯ ದಿನ ಬಿಡುವು. ಉಳಿದ ಡೀಲರುಗಳು ಶಾಪಿಂಗಿಗೆ ಹೋದರು. ನಾವಿಬ್ಬರು ಊರು ನೋಡಲು ಹೊರಟೆವು.

ಮೊದಲು ಹತ್ತಿದ್ದು ರಸ್ತೆಯ ಮೇಲೆ ಕಂಬಗಳ ಮೇಲೆ ಓಡುವ ರೈಲು. ಪ್ಲಾಟ್‌ಫಾರ್ಮಿನಲ್ಲಿ ಜನ ಗೆರೆಯ ಹಿಂದೆ ಸಾಲಾಗಿ ತುಟಿ ಬಿಚ್ಚದೆ ನಿಂತಿದ್ದರು. ಆ ಮೌನದಲ್ಲಿ ದೊಡ್ಡಮ್ಮ ಗುಲಾಬಿ ಅಂಗಿಯ ಒಬ್ಬ ಹುಡುಗಿಯ ತೋಳು ಮುಟ್ಟಿದಳು. "ಇದಿ ಮಾ ಚೆಲ್ಲೆಲಿ ಕೂತುರು. ಕೊಂಚೆಂ ಚೂಸುಕೋಮ್ಮಾ," ಎಂದು ನನ್ನನ್ನು ಒಪ್ಪಿಸಿದಳು. ಅದೇ ಬಸ್ ಸ್ಟಾಪಿನ ಮಾತು, ತೆಲುಗಿನಲ್ಲಿ!

ಅವರಿಗೆ ತೆಲುಗು ಎಲ್ಲಿಂದ ಬರಬೇಕು ದೊಡ್ಡಮ್ಮಾ ಎಂದು ಕೇಳಿದೆ. ಅವಳ ಲೆಕ್ಕ ಸ್ಪಷ್ಟವಾಗಿತ್ತು. ನಮ್ಮೂರಿಂದ ಪೂರ್ವಕ್ಕೆ ಹೋದರೆ ಮುಳಬಾಗಿಲು ದಾಟುತ್ತಿದ್ದಂತೆ ತೆಲುಗು ಶುರುವಾಗುತ್ತದೆ. ವಿಮಾನವೂ ಪೂರ್ವಕ್ಕೇ ಬಂದಿತಲ್ಲ, ಇನ್ನೂ ಗಟ್ಟಿ ತೆಲುಗು ಇರಬೇಕು! ಭೂಗೋಳವನ್ನೂ ಪಾಠ ಮಾಡುವ ನಾನು ತಿದ್ದಲು ಹೊರಡುವಷ್ಟರಲ್ಲಿ ರೈಲು ಬಂತು. ಆ ಹುಡುಗಿ ಏನು ಅರ್ಥ ಮಾಡಿಕೊಂಡಳೋ, ರೈಲು ಹತ್ತಿದೊಡನೆ ನನ್ನ ಕೈಹಿಡಿದು ಗರ್ಭಿಣಿಯರಿಗೆಂದು ಮೀಸಲಿಟ್ಟ ಸೀಟಿನಲ್ಲಿ ಕೂರಿಸಿದಳು. ನಾನು ಸ್ವಲ್ಪ ದಪ್ಪಗಿದ್ದೇನೆ, ನಿಜ. ದೊಡ್ಡಮ್ಮ ದಾರಿಯುದ್ದಕ್ಕೂ ನಗುತ್ತಿದ್ದಳು.

ಅವಳ ಸಿದ್ಧಾಂತ ಎಲ್ಲ ಕಡೆ ಗೆದ್ದಿತು ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಮೂರು ಗಾಲಿಯ ಆಟೋ ಹತ್ತಿದೆವು. ಮಾಮೂಲಿನಂತೆ ದೊಡ್ಡಮ್ಮ ನನ್ನನ್ನು ಡ್ರೈವರಿಗೆ ಒಪ್ಪಿಸಿದಳು, ಮೇಲೆ ಊರಿಂದ ತಂದಿದ್ದ ಡಬ್ಬಿಯಿಂದ ಎರಡು ನಿಪ್ಪಟ್ಟನ್ನೂ ಕೊಟ್ಟಳು. ಅವನು ನಿಪ್ಪಟ್ಟು ತಿಂದ. ಕೈಮುಗಿದ. ದೇವಸ್ಥಾನ ಇವತ್ತು ಮುಚ್ಚಿದೆ ಎಂದು ಹೇಳಿ ನೆಟ್ಟಗೆ ಹರಳಿನ ಅಂಗಡಿಯೊಂದಕ್ಕೆ ಕರೆದೊಯ್ದ! ಮೊಬೈಲಿನಲ್ಲಿ ಬರೆದಿದ್ದದ್ದು ಅಕ್ಷರಶಃ ನಡೆಯಿತು. ನಾನು ಹೆದರಿ ಚೀಲವನ್ನು ಎದೆಗೆ ಅವುಚಿಕೊಂಡೆ. ದೊಡ್ಡಮ್ಮ ಅಂಗಡಿಯ ತಣ್ಣನೆಯ ಸೋಫಾದಲ್ಲಿ ಕಾಲು ಚಾಚಿ ಕೂತು, ಅವರು ಕೊಟ್ಟ ಟೀ ಕುಡಿದು, ತನ್ನ ಚೀಲವನ್ನು ಸೇಲ್ಸ್‌ಮನ್ನಿಗೇ ಒಪ್ಪಿಸಿ ಬಾತ್‌ರೂಮಿಗೆ ಹೋಗಿಬಂದು, ಏನೂ ಕೊಳ್ಳದೆ ಎದ್ದಳು. ಸೇಲ್ಸ್‌ಮನ್ ಚೀಲ ಹಿಡಿದುಕೊಂಡು ಬಾಗಿಲವರೆಗೆ ಬಂದ. ಅವನ ಮುಖ ನೋಡಿ ನನಗೇ ಪಾಪ ಎನಿಸಿತು.

ಸಂಜೆ ಹೋಟೆಲಿಗೆ ವಾಪಸು ಹೋಗಲು ಕಾಲುವೆಯ ದೋಣಿಯೇ ಸಲೀಸು ಎಂದು ಯಾರೋ ಹೇಳಿದ್ದರು. ಅಲ್ಲಿ ದೋಣಿಯೂ ನಮ್ಮ ಸಿಟಿ ಬಸ್ಸಿನ ಹಾಗೆ. ಕಟ್ಟೆಗೆ ತಾಗಿ ಚೂರು ಹೊತ್ತು ನಿಲ್ಲುತ್ತದೆ. ಜನ ಹಗ್ಗ ಹಿಡಿದು ಪಕ್ಕದಿಂದ ಒಳಗೆ ಇಳಿಯಬೇಕು. ಕಂಡಕ್ಟರು ಹೊರಗಿನ ಅಂಚಿನ ಮೇಲೆ ನಡೆದಾಡುತ್ತಾ ಟಿಕೆಟ್ ಕೊಡುತ್ತಾನೆ. ಸೇತುವೆಗಳು ತಗ್ಗಾಗಿರುವುದರಿಂದ ಅವನ ತಲೆಗೆ ಹೆಲ್ಮೆಟ್. ನಮ್ಮ ಕಡೆ ಬೈಕ್ ಓಡಿಸುವವನಿಗೂ ಹೆಲ್ಮೆಟ್ ಇಲ್ಲ ಎಂದು ದೊಡ್ಡಮ್ಮ ಅವನನ್ನು ಬಹಳ ಮೆಚ್ಚಿಕೊಂಡಳು.

ಕಟ್ಟೆಯ ಮೇಲೆ ಸೊಪ್ಪಿನ ಕಂತೆಗಳಿದ್ದ ಚೀಲ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ವಯಸ್ಸು ಐವತ್ತರ ಆಸುಪಾಸು, ಗಟ್ಟಿಮುಟ್ಟಾದ ಕೈಕಾಲು. ದೊಡ್ಡಮ್ಮನಿಗೆ ಮುಖ ಹಿಡಿಸಿತು. ದೋಣಿ ಬಂದು ತಾಗುವ ಹೊತ್ತಿಗೆ ಸರಿಯಾಗಿ ನನ್ನ ಕೈಯನ್ನು ಆ ಹೆಂಗಸಿನ ಕೈಯಲ್ಲಿಟ್ಟು ಒಪ್ಪಿಸಿದಳು. ಇಷ್ಟು ವರ್ಷಗಳಲ್ಲಿ ದೊಡ್ಡಮ್ಮನ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಬೇರೊಬ್ಬರಿಲ್ಲ! ಆಕೆ ನನ್ನ ತೋಳು ಗಪ್ಪನೆ ಹಿಡಿದು ಒಂದೇ ಎಳೆತಕ್ಕೆ ದೋಣಿಯೊಳಗೆ ಸೆಳೆದುಕೊಂಡಳು. ದೋಣಿ ಹೊರಟಿತು. ದೊಡ್ಡಮ್ಮ ಕಟ್ಟೆಯ ಮೇಲೇ ಉಳಿದಳು.

ನಾನು ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಎದ್ದು ಅಂಚಿನ ಕಡೆಗೆ ಹೋದರೆ ಆ ಹೆಂಗಸು ಎಳೆದು ಕೂರಿಸಿದಳು. ಅವಳಿಗೆ ಒಪ್ಪಿಸಿದ್ದಾರೆ, ನೀರಿಗೆ ಬೀಳಲು ಬಿಡುತ್ತಾಳೆಯೇ? ನನ್ನ ಎದೆಯ ಮೇಲಿದ್ದ ಚೀಲವನ್ನು ಆಗ ನೋಡಿಕೊಂಡೆ. ಎಲ್ಲವೂ ಒಂದೇ ಕಡೆ ಭದ್ರವಾಗಿರಲಿ ಎಂದು ಇಬ್ಬರ ಪಾಸ್‌ಪೋರ್ಟು, ಹೋಟೆಲಿನ ವಿಳಾಸದ ಚೀಟಿ, ದುಡ್ಡು, ಮೊಬೈಲು, ಎಲ್ಲವನ್ನೂ ನಾನೇ ಇಟ್ಟುಕೊಂಡಿದ್ದೆ. ಭಾಷೆ ಬಾರದ ಊರಿನಲ್ಲಿ ಎಪ್ಪತ್ತರ ಹತ್ತಿರದ ಹೆಂಗಸಿನ ಕೈಯಲ್ಲಿ ಈಗ ಉಳಿದಿದ್ದದ್ದು ನಿಪ್ಪಟ್ಟಿನ ಡಬ್ಬಿಯ ಚೀಲ ಮಾತ್ರ.

ಮುಂದಿನ ಕಟ್ಟೆಯಲ್ಲಿ ಇಳಿದೆ. ಆ ಹೆಂಗಸೂ ಇಳಿದಳು. ನಾನು ಹಿಂದಕ್ಕೆ ಕೈ ತೋರಿಸಿ, ಬೆನ್ನು ಬಾಗಿಸಿ, ಸೆರಗು ಹೊದ್ದಂತೆ ಮಾಡಿ ಏನೇನೋ ಅಭಿನಯಿಸಿದೆ. ಅರ್ಥವಾದದ್ದೇ ತಡ ಆಕೆ ತಲೆ ಚಚ್ಚಿಕೊಂಡಳು. ಎದುರಿನಿಂದ ಬಂದ ದೋಣಿಗೆ ನನ್ನನ್ನು ಹತ್ತಿಸಿ ತಾನೂ ಹತ್ತಿದಳು. ತೋಳು ಮಾತ್ರ ಬಿಡಲಿಲ್ಲ.

ನನಗೆ ದಾರಿಯುದ್ದಕ್ಕೂ ಒಂದು ಧೈರ್ಯವಿತ್ತು. ದೊಡ್ಡಮ್ಮ ಈಗಾಗಲೇ ಅರ್ಧ ಬ್ಯಾಂಕಾಕಿಗೆ ತೆಲುಗು ಕಲಿಸಿರುತ್ತಾಳೆ, ಕಟ್ಟೆಯ ಜನರನ್ನೆಲ್ಲ ಸೇರಿಸಿಕೊಂಡು ನಿಪ್ಪಟ್ಟು ಹಂಚುತ್ತಿರುತ್ತಾಳೆ ಎಂದುಕೊಂಡಿದ್ದೆ.

ಹಾಗಿರಲಿಲ್ಲ. ಕಟ್ಟೆಯ ಕೊನೆಯ ಬೆಂಚಿನ ಮೂಲೆಯಲ್ಲಿ ಡಬ್ಬಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾರೋ ನೀರಿನ ಬಾಟಲಿ ತಂದು ಪಕ್ಕದಲ್ಲಿಟ್ಟಿದ್ದರು, ಅದನ್ನು ಮುಟ್ಟಿರಲಿಲ್ಲ. ಸೆಕ್ಯೂರಿಟಿಯವನೊಬ್ಬ ಬಾಗಿ ಏನೋ ಕೇಳುತ್ತಿದ್ದ. ದೊಡ್ಡಮ್ಮ ಕತ್ತೆತ್ತಿ ಅವನ ಮುಖ ನೋಡುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ನಮಗೋಸ್ಕರ ಕಂಡಕಂಡವರನ್ನೆಲ್ಲ ಮಾತಾಡಿಸುತ್ತಿದ್ದವಳಿಗೆ ತನಗೋಸ್ಕರ ಯಾರನ್ನೂ ಕೇಳಲು ಬರುತ್ತಿರಲಿಲ್ಲ. ಅದು ನನಗೆ ಆಗ ಗೊತ್ತಾಯಿತು.

ಸೊಪ್ಪಿನ ಚೀಲದ ಹೆಂಗಸು ನನ್ನನ್ನು ದೊಡ್ಡಮ್ಮನ ಮುಂದೆ ನಿಲ್ಲಿಸಿ, ಕೊನೆಗೂ ತೋಳು ಬಿಟ್ಟಳು. ದೊಡ್ಡಮ್ಮ ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು.

"ನನ್ನ ಯಾರ್‌ಗೂ ಒಪ್ಪಿಸ್ದೆ ಹೋಗ್ಬುಟ್ಟೆಯಲ್ಲೇ," ಎಂದಳು.

ದೊಡ್ಡಪ್ಪ ಹೋಗಿ ಬಹಳ ವರ್ಷಗಳಾದವು. ಆಮೇಲೆ ಕೋಲಾರದ ಆಸ್ಪತ್ರೆಗೆ, ಬ್ಯಾಂಕಿಗೆ, ನಮ್ಮೆಲ್ಲರ ಮನೆಯ ಬಾಣಂತನಗಳಿಗೆ ಅವಳು ಎಷ್ಟು ಬಸ್ಸು ಹತ್ತಿರಬಹುದು! ಅವಳನ್ನು ಹತ್ತಿಸಲು ಸ್ಟಾಪಿನವರೆಗೆ ಯಾರು ಹೋಗುತ್ತಿದ್ದರು, ಯಾರ ಪಕ್ಕ ಕೂರಿಸುತ್ತಿದ್ದರು? ನಾನು ಯೋಚಿಸಿಯೇ ಇರಲಿಲ್ಲ. ದೊಡ್ಡಮ್ಮನ ಕೈ ತೆಗೆದು ಆ ಹೆಂಗಸಿನ ಕೈಯಲ್ಲಿಟ್ಟೆ. ಅವಳಿಗೆ ಇನ್ನು ವಿವರಿಸುವ ಅಗತ್ಯವಿರಲಿಲ್ಲ.

ಮೂವರೂ ಮತ್ತೆ ದೋಣಿ ಹತ್ತಿದೆವು. ಈ ಸಲ ದೊಡ್ಡಮ್ಮನನ್ನು ಮೊದಲು ಒಳಗೆ ಇಳಿಸಿ ನಡುವೆ ಕೂರಿಸಿದೆವು. ಕಾಲುವೆಯ ಕೊಳಕು ನೀರು ಹಾರದಂತೆ ಪಕ್ಕದಲ್ಲಿ ಪ್ಲಾಸ್ಟಿಕ್ ಪರದೆ ಇರುತ್ತದೆ. ಆ ಹೆಂಗಸು ಒಂದು ಕೈಯಲ್ಲಿ ಅದರ ಹಗ್ಗ ಎಳೆದು ಹಿಡಿದಳು, ಇನ್ನೊಂದು ಕೈಯಲ್ಲಿ ದೊಡ್ಡಮ್ಮನ ಮಣಿಕಟ್ಟು ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆಲ್ಲ ದೊಡ್ಡಮ್ಮನ ತಲೆ ವಾಲಿ ಆಕೆಯ ಭುಜದ ಮೇಲೆ ನಿಂತಿತು. ನಿದ್ದೆ! ಓಡುವ ಗಾಡಿಯಲ್ಲಿ ದೊಡ್ಡಮ್ಮ ರೆಪ್ಪೆ ಮುಚ್ಚಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಾವು ಇಳಿಯುವ ಕಟ್ಟೆ ಬಂತು. ನಾನು ಆ ಹೆಂಗಸಿಗೆ ಕಟ್ಟೆಯನ್ನು ತೋರಿಸಿದೆ. ಆಕೆ ತನ್ನ ಭುಜದ ಮೇಲಿದ್ದ ತಲೆಯನ್ನು ನೋಡಿ, ನನ್ನನ್ನು ನೋಡಿದಳು. ಇಬ್ಬರೂ ಅಲುಗಾಡದೆ ಕೂತೆವು. ದೋಣಿ ಮುಂದಕ್ಕೆ ಹೋಯಿತು.