ತೊಂಬತ್ತೆಂಟರ ಕಾವು

ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡನಂತೆ. ನಕ್ಷೆರಾಯ ಮಾಡಿದ್ದೂ ಅದನ್ನೇ. ಕಟ್ಟಡಗಳ ನಕ್ಷೆ ಬರೆಯುವ ಕಸುಬಿನವನೆಂದು ಬೀದಿಯವರು ಇಟ್ಟ ಹೆಸರು ಅದು. ಹಿಂದಿನ ದಿನವಷ್ಟೇ ಅಂಗಡಿಯವನನ್ನು ಕರೆಸಿ, ತನ್ನ ಕಂಪ್ಯೂಟರಿಗೆ ನೀರಿನಿಂದ ತಂಪು ಮಾಡುವ ಕೂಲರ್ ಹಾಕಿಸಿದ್ದ. ಅಷ್ಟಕ್ಕೇ ತೃಪ್ತಿಪಟ್ಟುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಎಷ್ಟು ತಂಪಾಗಿದೆ ನೋಡೋಣವೆಂದು, ಪ್ರೊಸೆಸರಿನ ಬಿಸಿ ತೋರಿಸುವ ತಂತ್ರಾಂಶವೊಂದನ್ನು ಬೆಳಿಗ್ಗೆ ಇಳಿಸಿಕೊಂಡ. ಪರದೆಯ ಮೂಲೆಯಲ್ಲಿ ತೊಂಬತ್ತೆಂಟು ಎಂದು ಮೂಡಿತು. ಅವನ ಎದೆ ಧಸಕ್ಕೆಂದಿತು.

ಎದೆ ಒಡೆಯುವುದಕ್ಕೆ ಕಾರಣವೂ ಇತ್ತು. ಶಾಲಾ ಕಟ್ಟಡವೊಂದರ ನಕ್ಷೆ ಸಂಜೆ ಐದರೊಳಗೆ ಕಚೇರಿ ಸೇರಬೇಕಿತ್ತು. ಹಂಗಾಮಿ ಕೆಲಸದಲ್ಲೇ ಕೂದಲು ಹಣ್ಣಾಗುತ್ತಿದ್ದ ಅವನನ್ನು, ಈ ನಕ್ಷೆ ಹೊತ್ತಿಗೆ ಸರಿಯಾಗಿ ಬಂದರೆ ಕಾಯಂ ಮಾಡುವುದಾಗಿ ಸಾಹೇಬರು ಬಾಯಿಬಿಟ್ಟು ಹೇಳಿದ್ದರು. ಮುಕ್ಕಾಲು ಮುಗಿದ ನಕ್ಷೆ ಆ ಪೆಟ್ಟಿಗೆಯ ಹೊಟ್ಟೆಯಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ.

ಪರದೆಯ ಫೋಟೋ ತೆಗೆದು ಅಂಗಡಿಯವನಿಗೆ ಕಳಿಸಿದ. ಅವನ ಫೋನು ಸ್ವಿಚ್ ಆಫ್. ಸಹೋದ್ಯೋಗಿಗೆ ಫೋನು ಮಾಡಿ ಅಂಕಿ ಹೇಳಿದ.

"ತೊಂಬತ್ತು ದಾಟಿದ್ರೆ ಸುಟ್ಟುಹೋಗತ್ತೆ ಕಣೋ. ಮೊದ್ಲು ಆಫ್ ಮಾಡು," ಎಂದ ಅವನು. ಕೂಲರ್ ಬಿಚ್ಚಿ, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಒರೆಸಿ ಹೊಸದಾಗಿ ಹಚ್ಚುವಂತೆಯೂ ಉಪದೇಶಿಸಿದ.

ನಕ್ಷೆರಾಯ ಬೇರೊಂದು ಅಂಗಡಿಗೆ ಓಡಿ ಪೇಸ್ಟ್ ತಂದ. ಹೇಳಿದಂತೆ ಹಚ್ಚಿ, ತಿರುಪು ಬಿಗಿದು ಆನ್ ಮಾಡಿದರೆ ಅಂಕಿ ನೂರಾ ಒಂದಕ್ಕೆ ಏರಿತು. ನೂರಕ್ಕೆ ನೀರೇ ಕುದಿಯುತ್ತದೆಂದು ಶಾಲೆಯಲ್ಲಿ ಕಲಿತದ್ದು ನೆನಪಾಗಿ ಅವನು ಬೆವತುಹೋದ. ಜೊತೆಗೇ ಇದ್ದ ಹೆಂಡತಿಯ ತಾಯಿ, ಅತ್ತೆ, ಒದ್ದೆ ಬಟ್ಟೆ ಹಿಂಡಿ ತಂದು ಪೆಟ್ಟಿಗೆಗೆ ಹೊದಿಸಲು ಬಂದರು. ಕೈಮುಗಿದು ತಡೆದ.

ಗದ್ದಲ ಕೇಳಿ ಮೇಲಿನ ಮನೆಯ ಮೋಟಾರ್ ಮಾವ ಇಳಿದು ಬಂದರು. ಜೀವಮಾನವೆಲ್ಲ ನೀರೆತ್ತುವ ಮೋಟಾರು ರಿಪೇರಿ ಮಾಡಿದವರು. ಕೂಲರಿನ ಪುಟ್ಟ ಪಂಪಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಕೊಳವೆ ಮುಟ್ಟಿ ನೋಡಿದರು. ಅದು ತಣ್ಣಗಿತ್ತು.

"ಒಳಗೆ ಕುದೀತಿದೆ, ಕೊಳವೆ ತಣ್ಣಗಿದೆ. ಅಂದ್ರೆ ನೀರು ಓಡಾಡ್ತಾ ಇಲ್ಲ. ಗಾಳಿ ಹಿಡಿದಿದೆ," ಎಂದು ತೀರ್ಪಿತ್ತರು.

ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಕೊಳವೆ ಸ್ವಲ್ಪ ಸಡಿಲಿಸಿದರೆ ಗಾಳಿ ತಾನಾಗಿ ಹೋಗುತ್ತದೆ, ಮೋಟಾರು ಓಡುತ್ತಿರುವಾಗಲೇ ಮಾಡಬೇಕು ಎಂದು ಮಾವ ಇಕ್ಕಳ ಹಾಕಿ ಎಳೆದರು. ಗಾಳಿ ಬರಲಿಲ್ಲ. ನೀಲಿ ನೀರು ಚಿಮ್ಮಿ ಒಳಗಿನ ಬೋರ್ಡಿನ ಮೇಲೆಲ್ಲ ಹರಿಯಿತು. ಚಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ನಕ್ಷೆರಾಯ ಗರ ಬಡಿದವನಂತೆ ನಿಂತ. ಮಾವ ಮಾತ್ರ, ನೀರು ಚೆನ್ನಾಗೇ ಓಡಾಡುತ್ತಿತ್ತಲ್ಲ ಎಂದು ಆಶ್ಚರ್ಯಪಟ್ಟರು.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಅವನು ತೊದಲುತ್ತ ಎಲ್ಲ ಹೇಳಿ ಬೆಳಗಿನ ಫೋಟೋ ತೋರಿಸಿದ. ಅವಳು ನೋಡಿದಳು, ಮತ್ತೆ ನೋಡಿದಳು.

"ರೀ, ಪಕ್ಕದಲ್ಲಿ ಎಫ್ ಅಂತಿದೆಯಲ್ಲ. ಇದು ಫ್ಯಾರನ್‌ಹೀಟು, ನಾವು ಜ್ವರ ನೋಡೋ ಲೆಕ್ಕ. ತೊಂಬತ್ತೆಂಟು ಅಂದ್ರೆ ಜ್ವರಾನೇ ಇಲ್ಲ."

ನಕ್ಷೆರಾಯನ ಕಾಲ ಕೆಳಗಿನ ನೆಲ ಕುಸಿಯಿತು. ಗಟ್ಟಿಮುಟ್ಟಾಗಿದ್ದುದನ್ನು ಚಿಕಿತ್ಸೆ ಕೊಟ್ಟೇ ಕೊಂದಿದ್ದರು. ಮೋಟಾರ್ ಮಾವ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತೆಂದು ಮೆಟ್ಟಿಲು ಹತ್ತಿಬಿಟ್ಟರು.

ಆಗಲೇ ಸಾಹೇಬರ ಫೋನು ಬಂತು. ನಕ್ಷೆ ಎಲ್ಲಿಗೆ ಬಂತೆಂದು ಕೇಳಿದರು. ನಿಜ ಹೇಳಲು ನಾಲಿಗೆ ಏಳಲಿಲ್ಲ. ಮೈ ಕೆಂಡದಂತೆ ಸುಡುತ್ತಿದೆ, ಏಳಲೂ ಆಗುತ್ತಿಲ್ಲ ಎಂದುಬಿಟ್ಟ. ಸಾಹೇಬರ ದನಿ ಮೆತ್ತಗಾಯಿತು. ಆರೋಗ್ಯಕ್ಕಿಂತ ನಕ್ಷೆ ದೊಡ್ಡದಲ್ಲ, ನಾಲ್ಕು ದಿನ ಬಿಟ್ಟು ಕೊಟ್ಟರಾಯಿತು ಎಂದರು. ನಕ್ಷೆರಾಯನಿಗೆ ಹೋದ ಜೀವ ಬಂದಂತಾಯಿತು.

"ಅಂದಹಾಗೆ, ಜ್ವರ ಎಷ್ಟಿದೆ?"

ಬೆಳಗಿನಿಂದ ತಲೆಯಲ್ಲಿ ಕುಣಿಯುತ್ತಿದ್ದುದು ಒಂದೇ ಅಂಕಿ. "ತೊಂಬತ್ತೆಂಟು ಸಾರ್," ಎಂದ.

ಹೆಂಡತಿ ಹಣೆ ಚಚ್ಚಿಕೊಂಡಳು.

"ಅಷ್ಟು ಜ್ವರ ನಂಗೂ ದಿನಾ ಇರತ್ತೆ," ಎಂದರು ಸಾಹೇಬರು. "ಐದು ಗಂಟೆಗೆ ನಕ್ಷೆ ತಗೊಂಡು ನೀವೇ ಬನ್ನಿ."